ಕಾಳವ್ವನ ‘ಳ’ ಉಳಿದ ಕತೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಚಿಕ್ಕತಾಯಮ್ಮ. ನಾನು ಬಿ.ಎಸ್ಸಿ. ಓದುವಾಗ ಅವರು ನಮ್ಮ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದರು. ದಂಟಿನ ಸೊಪ್ಪಿನ ಕಂತೆಯಲ್ಲಿ ಬಸವನಹುಳು ಸಿಕ್ಕಿದರೆ ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಮೇಲಿಟ್ಟು, "ಹೊರಟಿದ್ದೀಯಾ? ಹೊರಡು ಹೊರಡು" ಅನ್ನುತ್ತಿದ್ದರು. ಯಾಕೆ ಹಾಗನ್ನುತ್ತೀರಿ ಎಂದು ಒಂದು ದಿನ ಕೇಳಿದೆ. ಅವರು ಸೊಪ್ಪಿನ ರಾಶಿಯನ್ನು ನನ್ನ ಮುಂದಕ್ಕೆ ತಳ್ಳಿ, "ನೀನು ಸೋಸು, ನಾನು ಹೇಳ್ತೀನಿ" ಅಂದರು. ನಾಲ್ಕು ಕಂತೆ ಮುಗಿಯುವುದರೊಳಗೆ ಕತೆಯೂ ಮುಗಿಯಿತು. ನಿಮಗೆ ಸೊಪ್ಪಿನ ಕೆಲಸವೂ ಇಲ್ಲ. ಸುಮ್ಮನೆ ಕೂತು ಕೇಳಿ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನ ಹೆಸರು ಅನ್ವರ್ಥರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಇನ್ನೊಂದು ಮದುವೆಯೂ ಬೇಡ. ಅವನಿಗೆ ಬೇಕಾದದ್ದು ಎರಡೇ. ಊಟವಾದ ಮೇಲೆ ಒಂದು ತಾಂಬೂಲ. ಮತ್ತೆ, ಯಾವುದಕ್ಕೆ ಯಾವ ಹೆಸರಿದೆಯೋ ಅದು ಹಾಗೆಯೇ ನಡೆದುಕೊಳ್ಳಬೇಕು. ಹೆಸರಿನಲ್ಲಿದ್ದದ್ದು ಕೆಲಸದಲ್ಲಿರಬೇಕು. ಆ ರಾಜ್ಯದಲ್ಲಿ ಇದೊಂದೇ ಕಾನೂನು.

ಪ್ರಜೆಗಳು ಅವನನ್ನು 'ಬುದ್ಧಿ' ಎಂದು ಕರೆಯುತ್ತಿದ್ದರು. ಹಾಗೆ ಕರೆಯುತ್ತಾರೆ ಅಂದಮೇಲೆ ಅದು ತನ್ನಲ್ಲಿ ಇದ್ದೇ ಇರಬೇಕು ಎಂದು ರಾಜ ನಂಬಿದ್ದ.

ಮಳೆಗಾಲದಲ್ಲಿ ನಾಯಿಕೊಡೆ ಎದ್ದರೆ ಅರಮನೆಯ ಆಳುಗಳು ಅದನ್ನು ಕಿತ್ತು ಬೀದಿನಾಯಿಗಳ ತಲೆಯ ಮೇಲೆ ಹಿಡಿಯಬೇಕಿತ್ತು. ನಾಯಿ ನಡೆದರೆ ಆಳೂ ನಡೆಯಬೇಕು. ನಾಯಿ ಕಾಲೆತ್ತಿದರೆ ಆಳು ನಿಲ್ಲಬೇಕು. ಚಳಿಗಾಲದಲ್ಲಿ ಕಂಬಳಿಹುಳಗಳನ್ನು ಬುಟ್ಟಿಗಟ್ಟಲೆ ಹಿಡಿಸಿ ಬಡವರಿಗೆ ಹಂಚಿಸಿದ. ಬಡವರು ಚಳಿಗಾಲವಿಡೀ ಕೆರೆದುಕೊಂಡರು. ಕೆರೆದುಕೊಂಡು ಕೆರೆದುಕೊಂಡು ಮೈ ಬೆಚ್ಚಗಾಯಿತು. "ನೋಡಿದಿರಾ?" ಅಂದ ರಾಜ. ಅರಮನೆಯ ಮದುವೆಗೆ ಮಡಕೆ ಮಾಡುವ ಕೆಲಸವನ್ನು ಕುಂಬಾರಹುಳಕ್ಕೆ ವಹಿಸಿದ. ನಾನೂರು ಮಡಕೆ ಬಂದವು. ಒಂದೊಂದರಲ್ಲಿ ಒಂದೊಂದು ಅಗುಳು ಹಿಡಿಯಿತು. ನೆಂಟರು ಒಂದೊಂದು ಅಗುಳು ಉಂಡು ಹರಸಿ ಹೋದರು.

ಮಿಣುಕುಹುಳಗಳ ಪಾಡು ಇನ್ನೊಂದು. ಮಿಣುಕುವುದು ಹೆಸರಿನಲ್ಲೇ ಇದೆ, ಹಾಗಾದರೆ ಅರಮನೆಯಲ್ಲಿ ಮಿಣುಕಲಿ ಎಂದು ರಾಜ ಅಪ್ಪಣೆ ಮಾಡಿದ. ಪ್ರತಿ ಮುಂಗಾರಿಗೂ ತೋಟ, ಬೇಲಿ, ಕೆರೆ ಏರಿಯ ಮಿಣುಕುಹುಳಗಳನ್ನೆಲ್ಲ ಹಿಡಿಸಿ ಗಾಜಿನ ಬುರುಡೆಗಳಲ್ಲಿ ತುಂಬಿಸುತ್ತಿದ್ದ. ಒಂದೊಂದಕ್ಕೆ ದಿನಕ್ಕೊಂದು ಹನಿ ಎಣ್ಣೆ. ಅವು ಎಣ್ಣೆ ಕುಡಿಯುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈ ಬುರುಡೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ರಾಜನಿಗೊಬ್ಬ ಮಂತ್ರಿ. ಅವನ ಹೆಸರು ಹೌದಪ್ಪ. ಕಾನೂನಿನ ಪ್ರಕಾರ ಅವನು 'ಹೌದು' ಬಿಟ್ಟು ಬೇರೇನೂ ಹೇಳುವಂತಿರಲಿಲ್ಲ. ಮೂವತ್ತು ವರ್ಷದಿಂದ ಹೇಳುತ್ತಿದ್ದ. ಸಂಬಳ ಸರಿಯಾಗಿ ಬರುತ್ತಿತ್ತು.

ಒಂದು ಕಾರಹುಣ್ಣಿಮೆಯ ದಿನ, ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿಗೆ, ಸಮುದ್ರದಾಚೆಯಿಂದ ಒಬ್ಬ ಪೆಟ್ಟಿಗೆ ವ್ಯಾಪಾರಿ ಬಂದ. ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಮುಷ್ಟಿಗಾತ್ರದ ಚಿಪ್ಪು. ಚಿಪ್ಪಿನೊಳಗಿಂದ ಎರಡು ಕೊಂಬು ಹೊರಬಂದವು. ಕೊಂಬಿನ ತುದಿಯ ಕಣ್ಣುಗಳು ರಾಜನನ್ನು ನೋಡಿದವು.

"ಇದರ ಹೆಸರೇನು?" ರಾಜ ಕೇಳಿದ.

ವ್ಯಾಪಾರಿ ಹೇಳಿದ. ಅವನ ಭಾಷೆಯಲ್ಲಿ ಅದು ಹದಿನೇಳು ಅಕ್ಷರದ ಹೆಸರು. ಮೂರನೆಯ ಅಕ್ಷರಕ್ಕೇ ಆಸ್ಥಾನದವರ ನಾಲಿಗೆ ತೊಡರಿತು.

"ನಮ್ಮ ಬೇಲಿಯ ಬಸವನಹುಳು ಇಲ್ಲವೇ, ಉಗುರಷ್ಟಿರುತ್ತದಲ್ಲ, ಅದರ ಅಣ್ಣನ ಹಾಗಿದೆ," ಅಂದ ರಾಜ. "ದೊಡ್ಡ ಬಸವನಹುಳು ಅನ್ನೋಣವೇ?"

"ಹೌದು," ಅಂದ ಹೌದಪ್ಪ.

ಕೆಟ್ಟದ್ದು ಅಲ್ಲೇ. ಬಸವ ಅಂದಮೇಲೆ ಬಸವ. ಅದರಲ್ಲೂ ಕಾರಹುಣ್ಣಿಮೆಯ ದಿನ ಬಂದ ಬಸವ.

"ಇದಕ್ಕೆ ಏನು ಕೊಡಬೇಕು?" ರಾಜ ಕೇಳಿದ.

"ಹಣ ಬೇಡ ಪ್ರಭು. ನಿಮ್ಮ ಭಾಷೆಯ ಒಂದು ಅಕ್ಷರ ಕೊಡಿ ಸಾಕು."

ಆ ರಾಜ್ಯದ ಅಕ್ಷರಗಳೆಲ್ಲ ಅರಮನೆಯ ಉಗ್ರಾಣದಲ್ಲಿ ಒಂದೊಂದು ಗೂಡಿನಲ್ಲಿ ಕೂತಿರುತ್ತಿದ್ದವು. ರಾಜ ಹೋಗಿ ನೋಡಿದ. ಮೂಲೆಯಲ್ಲಿ ಹಳೆಯ ಒರಟು ರ ಒಂದು ಕೂತಿತ್ತು. ಱ. ಅದನ್ನು ಬಂಡಿ ರ ಎಂದು ಕರೆಯುತ್ತಾರೆ. ಮೆತ್ತಗಿನ ರ ಒಂದಿರುವಾಗ ಇದೇಕೆ ಎಂದು ರಾಜ ಅದನ್ನು ಎತ್ತಿಕೊಟ್ಟ. "ಬಂಡಿ ರ ಅಂದಮೇಲೆ ಬಂಡಿ. ಹತ್ತಿಕೊಂಡು ಹೋಗು," ಅಂದ. ವ್ಯಾಪಾರಿ ಖಾಲಿ ಪೆಟ್ಟಿಗೆಯನ್ನು ಅಕ್ಷರದ ಮೇಲೆ ಹೇರಿ ತಾನೂ ಹತ್ತಿ ಹೊಡೆದುಕೊಂಡು ಹೋದ.

ದೊಡ್ಡ ಬಸವನಹುಳುವಿಗೆ ವಿಭೂತಿ ಹಚ್ಚಿದರು. ಕೊರಳು ಎಲ್ಲೆಂದು ಗೊತ್ತಾಗದೆ ಚಿಪ್ಪಿಗೇ ಗಂಟೆ ಕಟ್ಟಿದರು. ನೇಗಿಲಿಗೆ ಹೂಡಿದರು. ಮೊದಲ ಸಾಲು ಇನ್ನೂ ನಡೆಯುತ್ತಿದೆ. ಎತ್ತುಗಳ ಓಟಕ್ಕೆ ಬಿಟ್ಟರು. ಗೆದ್ದ ಎತ್ತು ಹರಿಯಬೇಕಾದ ಕರಿಯ ಹಗ್ಗ ಇನ್ನೂ ಹರಿದಿಲ್ಲ. ಕೊನೆಗೆ ದೇವರ ಹೆಸರಿನಲ್ಲಿ ಊರಿಗೆ ಬಿಟ್ಟರು. ದೇವರ ಬಸವ ಯಾರ ಹೊಲಕ್ಕೆ ನುಗ್ಗಿದರೂ ಓಡಿಸುವಂತಿಲ್ಲ, ಗೊತ್ತಲ್ಲ. ಮೇದರೆ ಪುಣ್ಯ.

ಅದು ನೆಟ್ಟಗೆ ನುಗ್ಗಿದ್ದು ಕಾಳವ್ವನ ಎಲೆತೋಟಕ್ಕೆ.

ಕಾಳವ್ವ ವೀಳ್ಯದೆಲೆ ಬೆಳೆಯುವವಳು. ಮೂರು ಸಾಲು ನುಗ್ಗೆ ಮರ, ಮರಕ್ಕೊಂದು ಬಳ್ಳಿ. ಅರಮನೆಯ ತಾಂಬೂಲಕ್ಕೆ ದಿನಾ ಎಲೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಬಾಯಿ ಸ್ವಲ್ಪ ಜೋರು. ಬಳ್ಳಿಗಳ ಹತ್ತಿರ ಮಾತ್ರ ಮೆತ್ತಗೆ ಮಾತಾಡುತ್ತಿದ್ದಳು.

"ಏನಪ್ಪಾ ಬಸವಣ್ಣ, ಎಷ್ಟು ದಿನ ಇರ್ತೀಯ?" ಕಾಳವ್ವ ಕೇಳಿದಳು.

"ಇರೋಕೆ ಬಂದಿಲ್ಲ ಅವ್ವ. ಒಂದು ಎಲೆ ತಿಂದು ಹೊರಡ್ತೀನಿ."

ಒಂದು ಎಲೆ ತಿಂದಿತು.

"ಹೊರಡಲ್ವಾ?"

"ಹೊರಟಿದ್ದೀನಲ್ಲ."

"ಅಲ್ಲೇ ಕೂತಿದ್ದೀಯಲ್ಲೋ!"

"ಇಲ್ಲ ಅವ್ವ, ಹೊರಟಿದ್ದೀನಿ. ನಡಿಗೆ ನಿಧಾನ."

ಮಾರನೆಯ ದಿನ ಕೇಳಿದಳು. "ಹೊರಟಿದ್ದೀನಿ. ನಡಿಗೆ ನಿಧಾನ. ದಾರಿಗೆ ಅಂತ ಇನ್ನೊಂದು ಎಲೆ." ಅದರ ಮಾರನೆಯ ದಿನವೂ ಕೇಳಿದಳು. ಹೊರಟಿತ್ತು. ನಡಿಗೆ ನಿಧಾನ. ಹೊರಟ ದಾರಿಯಲ್ಲೇ ಅದು ಮುನ್ನೂರು ಮೊಟ್ಟೆ ಇಟ್ಟಿತು. ಮುನ್ನೂರು ಮರಿಯಾದವು, ಅವಕ್ಕೂ ಗಂಟೆ ಕಟ್ಟಿದರು. ಕೇಳಿದರೆ ಮುನ್ನೂರೂ ಹೊರಟಿದ್ದವು.

ವರ್ಷದೊಳಗೆ ಹೊರಟವರು ಊರು ತುಂಬಿದರು. ಸೊಪ್ಪು ಹೋಯಿತು, ಪರಂಗಿ ಹೋಯಿತು, ಕುಂಬಳದ ಹೂವು ಕಾಯಿ ಕಟ್ಟುವ ಮೊದಲೇ ಹೋಯಿತು. ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕಲ್ಲ, ಕೋಟೆ ಗೋಡೆಯ ಗಾರೆ ನೆಕ್ಕಿದವು. ನೆಕ್ಕಿ ನೆಕ್ಕಿ ಗೋಡೆ ತೆಳ್ಳಗಾಗಿ, ಒಳಗೆ ಕೂತ ರಾಜನಿಗೆ ಹೊರಗಿನ ಸಂತೆ ಕಾಣಿಸತೊಡಗಿತು. "ಗಾಳಿ ಬೆಳಕು ಚೆನ್ನಾಗಿ ಬರುತ್ತಿದೆ," ಅಂದ ರಾಜ. "ಹೌದು," ಅಂದ ಹೌದಪ್ಪ.

ಆಮೇಲೆ ಒಂದು ದಿನ ಊಟವಾಯಿತು. ತಾಂಬೂಲದ ತಟ್ಟೆ ಬಂತು. ತಟ್ಟೆಯಲ್ಲಿ ಒಂದು ಅಡಿಕೆ ಇತ್ತು.

"ಎಲೆ ಎಲ್ಲಿ?"

"ಬಸವ ತಿಂದ ಬುದ್ಧಿ," ಅಂದಳು ತಟ್ಟೆ ತಂದ ಕಾಳವ್ವ.

"ಸುಣ್ಣ ಎಲ್ಲಿ?"

"ಬಸವ ತಿಂದ ಬುದ್ಧಿ. ಎಲೆನೂ ಆಯ್ತು, ಸುಣ್ಣನೂ ಆಯ್ತು. ಆ ಅಡಿಕೆನೂ ಅದಕ್ಕೇ ಕೊಟ್ಬಿಡಿ. ಬಾಯಾದ್ರೂ ಕೆಂಪಾಗ್ಲಿ."

ರಾಜ ಬರೀ ಅಡಿಕೆ ಅಗಿದ. ಗಂಟಲು ಹಿಡಿಯಿತು. ರಾಜ್ಯದಲ್ಲಿ ಏನೋ ಸರಿಯಿಲ್ಲ ಎಂದು ಅವನಿಗೆ ಅವತ್ತು ಹೊಳೆಯಿತು.

ಎರಡನೆಯ ಕಾರಹುಣ್ಣಿಮೆಗೆ ಪೆಟ್ಟಿಗೆ ವ್ಯಾಪಾರಿ ಮತ್ತೆ ಬಂದ. ರಾಜನ ದುಃಖ ಕೇಳಿ ತಲೆಯಾಡಿಸಿದ.

"ಅದನ್ನು ತಿನ್ನುವುದು ನನ್ನ ಹತ್ತಿರ ಒಂದಿದೆ. ಕೊಡಲಾ?"

"ಅದನ್ನೇ ತಿನ್ನುತ್ತದೆ ಅಂತ ಏನು ಖಾತ್ರಿ?" ಕಾಳವ್ವ ಬಾಗಿಲಿಂದಲೇ ಕೇಳಿದಳು.

"ನಾನು ಅದನ್ನೇ ಕೇಳಿದ್ದೇನೆ ಅಮ್ಮ. ಕೊಂಬು ಅಲ್ಲಾಡಿಸಿತು."

ಎರಡನೆಯ ಪೆಟ್ಟಿಗೆ ತೆರೆದರು. ಒಳಗೆ ಕೆಂಪಗೆ, ಉದ್ದಕ್ಕೆ, ಚುರುಕಾದ ಇನ್ನೊಂದು ಬಸವನಹುಳು. ಬಸವನಹುಳು ತಿನ್ನುವ ಬಸವನಹುಳು. ಅದಕ್ಕೂ ಬಸವ ಎಂದೇ ಹೆಸರಾಯಿತು. ಅದಕ್ಕೂ ವಿಭೂತಿ. ಅದಕ್ಕೂ ಗಂಟೆ. ಬದಲಿಗೆ ರಾಜ ೞ ಕೊಟ್ಟ. ರಳ ಎನ್ನುತ್ತಿದ್ದ ಆ ಅಕ್ಷರ ಅಲ್ಲಿಯವರೆಗೆ ಮಳೆಯಲ್ಲಿ, ಬಾಳೆಯಲ್ಲಿ, ಏಳು ಎಂಬ ಎಣಿಕೆಯಲ್ಲಿ ಕೆಲಸ ಮಾಡಿಕೊಂಡಿತ್ತು. ಅದು ಹೋದಮೇಲೆ ಆ ಕೆಲಸವನ್ನೆಲ್ಲ ಪಕ್ಕದ ಗೂಡಿನ ಳ ಹೊತ್ತುಕೊಂಡಿತು. ಒಬ್ಬರ ಸಂಬಳಕ್ಕೆ ಇಬ್ಬರ ದುಡಿಮೆ. ಪಾಪ, ಅದು ಬೆನ್ನು ಬಾಗಿ ಸುರುಳಿಯಾಗಿರುವುದು ಅದಕ್ಕೇ.

ಕೆಂಪು ಬಸವ ತೋಟಕ್ಕಿಳಿಯಿತು. ದೊಡ್ಡ ಬಸವನನ್ನು ಕೆಳಗಿಂದ ಮೇಲಕ್ಕೆ ನೋಡಿತು.

"ತಿನ್ನೋ," ಅಂದಳು ಕಾಳವ್ವ.

"ಇಷ್ಟು ದೊಡ್ಡದನ್ನಾ? ಅಜೀರ್ಣವಾಗುತ್ತೆ," ಅಂದಿತು ಕೆಂಪು ಬಸವ. ಆಮೇಲೆ ಬೇಲಿಯ ಸಂದಿಗೆ ಹೋಗಿ, ಅಲ್ಲಿ ಅಜ್ಜನ ಕಾಲದಿಂದ ಯಾರ ಗೊಡವೆಗೂ ಹೋಗದೆ ಪಾಚಿ ಮೇಯ್ದುಕೊಂಡಿದ್ದ ಊರಿನ ಉಗುರುಗಾತ್ರದ ಬಸವನಹುಳುಗಳನ್ನು ಒಂದೊಂದಾಗಿ ತಿಂದಿತು. ಅವು ರಾಜನಿಗೆ ದೂರು ಕೊಡಲು ಹೊರಟವು. ನಿಜವಾಗಿ ಹೊರಟವು. ಆದರೆ ಅವುಗಳ ನಡಿಗೆಯೂ ನಿಧಾನ. ಯಾವುದೂ ತಲುಪಲಿಲ್ಲ.

"ಈ ಕೆಂಪನ್ನು ತಿನ್ನುವುದು ನನ್ನ ಹತ್ತಿರ ಒಂದಿದೆ," ಅಂದ ವ್ಯಾಪಾರಿ. "ಚಪ್ಪಟೆ ಹುಳು. ಬರುವ ಕಾರಹುಣ್ಣಿಮೆಗೆ ತರುತ್ತೇನೆ. ಅದಕ್ಕೆ ನನಗೆ ಳ ಬೇಕು."

"ಕೊಡೋಣವೇ?" ರಾಜ ಕೇಳಿದ.

"ಹೌದು," ಅಂದ ಹೌದಪ್ಪ.

ಡಂಗುರ ಹೊಡೆಸಿದರು. ಕೇಳ್ರಪ್ಪೋ ಕೇಳಿ, ಬರುವ ಕಾರಹುಣ್ಣಿಮೆಯಿಂದ ಳ ಇರುವುದಿಲ್ಲ, ಳ ಇರುವ ಕೆಲಸವನ್ನೆಲ್ಲ ಅಷ್ಟರಲ್ಲಿ ಮುಗಿಸಿಕೊಳ್ಳಿ. ಜನ ಗಾಬರಿಯಾದರು. ತಾಳಿ ಕಟ್ಟುವವರು ಅವಸರವಾಗಿ ಕಟ್ಟಿದರು. ಅಳುವವರು ಮುಂದೆ ಬರುವ ದುಃಖಕ್ಕೂ ಸೇರಿಸಿ ಈಗಲೇ ಅತ್ತರು. ಹೋಳಿಗೆಯನ್ನು ದಿನಾ ಮಾಡಿ ತಿಂದರು. ಯಾಕೆಂದರೆ ಳ ಹೋದಮೇಲೆ ಅದು 'ಹೋಗೆ' ಆಗುತ್ತದೆ. ಊಟಕ್ಕೆ ಕೂತ ಗಂಡ "ಇನ್ನೊಂದು ಹೋಗೆ" ಅಂದರೆ ಬಡಿಸುವವಳು ತವರಿಗೆ ಹೋಗುತ್ತಾಳೆ.

ಕಾಳವ್ವನಿಗೆ ಇವರೆಲ್ಲರಿಗಿಂತ ಹೆಚ್ಚು ಕಷ್ಟ. ಅವಳ ತೋಟದಲ್ಲಿ ಉಳಿದಿದ್ದದ್ದು ಒಂದೇ ಬಳ್ಳಿ. ಳ ಹೋದರೆ ಅದು ಬಳ್ಳಿಯಲ್ಲ. ಬಳ್ಳಿಯಲ್ಲದ ಮೇಲೆ ಮರ ಹತ್ತುವಂತಿಲ್ಲ. ವೀಳ್ಯದೆಲೆ ವೀಳ್ಯವಲ್ಲ. ಕಾಳವ್ವ ಕಾಳವ್ವ ಅಲ್ಲ.

"ಳ ತೆಗೆದ್ರೆ ನಾನು ಕಾವ್ವ," ಎಂದು ಬಳ್ಳಿಯ ಹತ್ತಿರ ಹೇಳಿಕೊಂಡಳು. "ಕಾವ್ವ ಅಂದ್ರೆ ಏನು? ಕಾಗೆ ಕೂಗಿದಂಗೆ. ಈ ರಾಜನ ಕಾನೂನಿಗೆ ನಾನು ಸೂರಿನ ಮೇಲೆ ಕೂತು ಕಂಡೋರ ತಿಥಿ ಪಿಂಡ ತಿನ್ಬೇಕು."

ಬಳ್ಳಿ ಒಂದು ಎಲೆ ಅಲ್ಲಾಡಿಸಿತು. "ಕಾಳವ್ವ, ನನ್ನನ್ನ ಯಾಕೆ ಇನ್ನೂ ತಿಂದಿಲ್ಲ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀಯಾ?"

ಕಾಳವ್ವ ಮಾಡಿರಲಿಲ್ಲ. ಬಳ್ಳಿಯ ಬುಡದಲ್ಲಿ ಬಗ್ಗಿ ತರಗೆಲೆ ಸರಿಸಿ ನೋಡಿದಳು. ಖಾಲಿ ಚಿಪ್ಪುಗಳು. ಹತ್ತು, ಇಪ್ಪತ್ತು, ನಲವತ್ತು. ಗಂಟೆಗಳು ಹಾಗೆಯೇ ಕಟ್ಟಿದ್ದವು. ಒಂದು ಚಿಪ್ಪಿನೊಳಗೆ ಯಾರೋ ತಲೆ ತೂರಿಸಿ ಊಟ ಮಾಡುತ್ತಿದ್ದರು. ಹೊರಗಿದ್ದದ್ದು ಕಪ್ಪಗೆ, ಮಡಿಕೆ ಮಡಿಕೆಯಾದ ಮೈ. ರೆಕ್ಕೆ ಇಲ್ಲ, ಚೆಂದವೂ ಇಲ್ಲ. ಬಾಲದ ತುದಿಯಲ್ಲಿ ಮಾತ್ರ, ತರಗೆಲೆಯ ನೆರಳಿನಲ್ಲಿ, ಒಂದು ಸಾಸಿವೆಯಷ್ಟು ಹಸಿರು ಬೆಳಕು.

"ಯಾರಪ್ಪ ನೀನು?"

ತಲೆ ಹೊರಗೆ ಬಂತು. "ಗೊತ್ತಿಲ್ಲ ಅವ್ವ."

"ಹೆಸರೇನು?"

"ಇನ್ನೂ ಇಟ್ಟಿಲ್ಲ. ದೊಡ್ಡವನಾಗಿ ರೆಕ್ಕೆ ಬಂದಮೇಲೆ ಮಿಣುಕುಹುಳ ಅಂತಾರಂತೆ. ಅಲ್ಲೀವರೆಗೂ ಏನೂ ಅನ್ನಲ್ಲ. ನಮ್ಮವ್ವ ಅರಮನೆಯವರಿಗೆ ಸಿಗದೆ ಈ ಬಳ್ಳೀಲಿ ಬಚ್ಚಿಟ್ಟುಕೊಂಡಿದ್ದಳು. ನಾವು ಆರು ಜನ ಹುಟ್ಟಿದ್ವಿ. ಅವ್ವಂಗೆ ಹೆಸರಿತ್ತು, ಅದಕ್ಕೇ ಹುಡುಕ್ತಿದ್ರು. ನಮಗೆ ಹೆಸರಿಲ್ಲ, ಅದಕ್ಕೇ ಯಾರೂ ಹುಡುಕಲ್ಲ."

"ಅಲ್ವೋ, ಬಸವನ್ನ ತಿಂತಿದ್ದೀಯಲ್ಲ, ಪಾಪ ಅಲ್ವಾ?"

"ಬಸವ ಅಂತ ಯಾರು ಹೇಳಿದ್ರು?"

"ರಾಜರು."

"ನಂಗೆ ಹೇಳಿಲ್ಲ. ನನ್ನ ಕರೆದು ಹೇಳ್ಬೇಕು ಅಂದ್ರೆ ನಂಗೊಂದು ಹೆಸರು ಬೇಕಲ್ಲ."

ಕಾಳವ್ವ ಒಂದು ಖಾಲಿ ಚಿಪ್ಪು ಎತ್ತಿ ಮೂಸಿದಳು. "ರುಚಿ ಹೆಂಗೈತೆ?"

"ನಮ್ಮೂರಿನ ಚಿಕ್ಕವು ರುಚಿಯಾಗಿದ್ದವು ಅಂತ ನಮ್ಮವ್ವ ಹೇಳ್ತಿದ್ದಳು. ಅವು ಈಗೆಲ್ಲಿ? ಇದು ಬರೀ ಗಾತ್ರ." ಎಂದು ಮತ್ತೆ ತಲೆ ಒಳಗೆ ಹಾಕಿತು.

ನಾನು ಪ್ರಾಣಿಶಾಸ್ತ್ರ ಓದಿದವಳು. ಈ ಮರಿಗೆ ಪುಸ್ತಕದಲ್ಲಿ ಒಂದು ಹೆಸರಿದೆ. ಪರೀಕ್ಷೆಯಲ್ಲಿ ಬರೆದು ಎರಡು ಅಂಕವನ್ನೂ ತೆಗೆದುಕೊಂಡಿದ್ದೇನೆ. ಇಲ್ಲಿ ಹೇಳುವುದಿಲ್ಲ. ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ಮೂರನೆಯ ಕಾರಹುಣ್ಣಿಮೆ ಬಂತು. ವ್ಯಾಪಾರಿ ಬಂದ. ಮೂರನೆಯ ಪೆಟ್ಟಿಗೆ ಆಸ್ಥಾನದ ನಡುವೆ ಕೂತಿತು. ಅದರ ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಳ. ಮದುವೆಯ ಹೆಣ್ಣಿನ ಹಾಗೆ ತಲೆ ತಗ್ಗಿಸಿ ಕೂತಿತ್ತು.

ರಾಜ ಖುಷಿಯಾಗಿದ್ದ. "ನಾನು ಯೋಚನೆ ಮಾಡಿದೆ," ಅಂದ. "ಳ ಹೋದರೆ ಕಳ್ಳ ಇರುವುದಿಲ್ಲ. ಸುಳ್ಳು ಇರುವುದಿಲ್ಲ. ಸೊಳ್ಳೆ ಇರುವುದಿಲ್ಲ. ಅಷ್ಟೇಕೆ, ಹುಳುವೇ ಇರುವುದಿಲ್ಲ! ಬಸವನಹುಳುವಿನ ಕಾಟ ತಾನಾಗಿಯೇ ಮುಗಿಯಿತು. ಹೇಗಿದೆ?"

"ಹೌದು," ಅಂದ ಹೌದಪ್ಪ.

ಅಷ್ಟರಲ್ಲಿ ಕಾಳವ್ವ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ಒಳಗೆ ಬಂದಳು.

"ಬುದ್ಧಿ, ಒಂದು ಮಾತು. ಬಸವನಹುಳೂನಲ್ಲಿ ಹುಳು ಹೋದ್ರೆ ಏನು ಉಳೀತದೆ?"

ರಾಜ ಬೆರಳು ಮಡಿಸಿ ನೋಡಿದ. "ಬಸವ."

"ಪೂರಾ ಬಸವ. ಕೊಂಬು, ಗೊರಸು, ಬಾಲ ಎಲ್ಲ ಇರೋ ಬಸವ. ಈಗ ಊರಲ್ಲಿ ಮೂರು ಲಕ್ಷ ಇದ್ದಾವೆ. ನಾಳೆ ಬೆಳಿಗ್ಗೆ ಮೂರು ಲಕ್ಷ ಹೋರಿ ಎದ್ದು ನಿಲ್ತಾವೆ. ನಿಮ್ಮ ಗೋಡೆ ಈಗ್ಲೇ ಹಪ್ಪಳದಂಗೈತೆ."

ಆಸ್ಥಾನದಲ್ಲಿ ಯಾರೋ ಹಿಂದಕ್ಕೆ ಸರಿದು ಕೂತರು.

"ಇನ್ನೊಂದು," ಅಂದಳು ಕಾಳವ್ವ. "ಬಂಡಿ ರ ಹೋಯ್ತು, ಅದರ ಕೆಲಸ ರ ಮಾಡ್ತು. ರಳ ಹೋಯ್ತು, ಅದರ ಕೆಲಸ ಳ ಮಾಡ್ತು. ಳ ಹೋದ್ರೆ ಯಾರು ಮಾಡ್ತಾರೆ? ಮಳೆ ಇಲ್ಲ, ಬೆಳೆ ಇಲ್ಲ, ಮಕ್ಕಳಿಲ್ಲ. ಅತ್ತು ಹಗುರಾಗೋಣ ಅಂದ್ರೆ ಅಳೋಕೂ ಆಗಲ್ಲ. ನಾನು ಹೇಳೋಹಂಗಿಲ್ಲ, ನೀವು ಕೇಳೋಹಂಗಿಲ್ಲ."

"ಹಾಗಾದರೆ ಈ ಹುಳುಗಳಿಗೆ ಏನು ಮಾಡುತ್ತೀಯಮ್ಮ?" ವ್ಯಾಪಾರಿ ನಕ್ಕ.

ಕಾಳವ್ವ ಬುಟ್ಟಿಯನ್ನು ಬೋರಲು ಹಾಕಿದಳು. ಖಾಲಿ ಚಿಪ್ಪುಗಳು ಗಂಟೆಯ ಸದ್ದು ಮಾಡುತ್ತ ನೆಲದ ಮೇಲೆ ಉರುಳಿದವು.

ಆಸ್ಥಾನ ಎದ್ದು ನಿಂತಿತು. ಬಸವನ ಹತ್ಯೆ! ರಾಜನ ಮುಖ ಕೆಂಪಾಯಿತು.

"ಯಾರು ಮಾಡಿದ್ದು ಇದನ್ನು? ಹೆಸರು ಹೇಳು!"

"ಹೆಸರಿಲ್ಲ ಬುದ್ಧಿ."

"ಹೆಸರಿಲ್ಲದವನು ಅಂದರೆ ಯಾರು?"

"ನಿಮ್ಮ ಕಾನೂನಿನ ಪ್ರಕಾರ, ಯಾರೂ ಅಲ್ಲ."

ರಾಜ ಯೋಚಿಸಿದ. ಅವನು ಯೋಚಿಸುವಾಗ ಇಡೀ ಆಸ್ಥಾನ ಉಸಿರು ಹಿಡಿದಿರಬೇಕಿತ್ತು. ಇಬ್ಬರಿಗೆ ತಲೆ ಸುತ್ತಿತು.

"ಹಾಗಾದರೆ ಯಾರೂ ಕೊಂದಿಲ್ಲ," ಅಂದ ರಾಜ.

"ಯಾರೂ ಕೊಂದಿಲ್ಲ."

"ಆದರೂ ಸತ್ತಿವೆ."

"ಆದರೂ ಸತ್ತಿವೆ."

"ಪಾಪ ಯಾರಿಗೆ?"

"ಯಾರಿಗೂ ಇಲ್ಲ ಬುದ್ಧಿ. ಬೇಕಾದ್ರೆ ಬುಟ್ಟಿಗೆ ಅನ್ನಿ, ಹೊತ್ತುಕೊಂಡು ಬಂದಿದ್ದು ಅದೇ."

ರಾಜನ ಮುಖ ಅರಳಿತು. ಇಷ್ಟು ಸ್ವಚ್ಛವಾದ ಸಾವನ್ನು ಅವನು ಕಂಡಿರಲಿಲ್ಲ. "ಇಂಥ ಯಾರೂ ಅಲ್ಲದವರು ಎಷ್ಟು ಜನ ಇದ್ದಾರೆ?"

"ಆರು."

"ನನಗೆ ಆರು ಸಾವಿರ ಬೇಕು."

"ಅಷ್ಟು ಜನರ ಅವ್ವಂದಿರು ನಿಮ್ಮ ಬುರುಡೆಗಳಲ್ಲಿ ಇದ್ದಾರೆ. ಬಿಟ್ಟುಬಿಡಿ. ತೋಟಕ್ಕೆ ಹೋಗಿ ಅವರ ಪಾಡಿಗೆ ಮೊಟ್ಟೆ ಇಟ್ಟುಕೊಳ್ಳಲಿ. ಸಮುದ್ರದಾಚೆಯಿಂದ ಯಾರನ್ನೂ ತರೋದು ಬೇಡ. ಇಲ್ಲೇ ಇದ್ದೋರನ್ನ ಇಲ್ಲೇ ಇರೋಕೆ ಬಿಟ್ರೆ ಸಾಕು."

"ಅರಮನೆ ಕತ್ತಲಾಗುತ್ತದಲ್ಲ?"

"ಎಣ್ಣೆ ಉಳೀತದಲ್ಲ ಬುದ್ಧಿ. ಹಣತೆಗೆ ಹಾಕಿ. ಅದು ಕುಡಿಯುತ್ತೆ."

ರಾಜ ಹೌದಪ್ಪನ ಕಡೆ ತಿರುಗಿದ. ಆ ರಾಜ್ಯದಲ್ಲಿ ಹೌದಪ್ಪನ ಕೊನೆಯ ಹೌದೇ ತೀರ್ಪು. "ಬುರುಡೆಯ ದೀಪ ಬಿಡೋಣವೇ?"

"ಹೌದು."

"ಪೆಟ್ಟಿಗೆ ಇಳಿಸೋಣವೇ?" ವ್ಯಾಪಾರಿ ತಕ್ಷಣ ಕೇಳಿದ.

"ಹೌದು."

"ದೀಪ ಬಿಡೋದಾ?" ಕಾಳವ್ವ ಕೇಳಿದಳು.

"ಹೌದು."

"ಪೆಟ್ಟಿಗೆ ಇಳಿಸುವುದಾ?" ವ್ಯಾಪಾರಿ ಕೇಳಿದ.

"ಹೌದು."

ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೂ ನಡೆಯಿತು. ದೀಪವಾ? ಹೌದು. ಪೆಟ್ಟಿಗೆಯಾ? ಹೌದು. ಮಣೆಯ ಮೇಲಿದ್ದ ಳ ಒಮ್ಮೆ ಈ ಕಡೆ ಎದ್ದು, ಒಮ್ಮೆ ಆ ಕಡೆ ಕೂತು ಸುಸ್ತಾಯಿತು. ಪೆಟ್ಟಿಗೆಯೊಳಗಿನ ಚಪ್ಪಟೆ ಹುಳು, "ಇಳೀಲಾ? ಬೇಡವಾ?" ಎಂದು ಕೇಳಿ ಕೇಳಿ ನಿದ್ದೆ ಹೋಯಿತು. ಹೌದಪ್ಪನ ಗಂಟಲು ಒಣಗಿತು. ಊಟದ ಹೊತ್ತು ಮೀರಿತು. ಅವನ ಕಣ್ಣಲ್ಲಿ ನೀರು ಬಂತು. ನೀರು ಬೇಕು ಎಂದು ಕೇಳಲು ಅವನ ಹತ್ತಿರ ಮಾತಿರಲಿಲ್ಲ.

ವ್ಯಾಪಾರಿಗೆ ಅದು ಕಾಣಿಸಲಿಲ್ಲ. ಅವನು ಪೆಟ್ಟಿಗೆಯನ್ನು ನೋಡುತ್ತಿದ್ದ. ಕಾಳವ್ವನಿಗೆ ಕಾಣಿಸಿತು.

"ದೀಪ ಬಿಡೋದಾ?" ಕೇಳಿದಳು.

"ಹೌದು."

ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಅವಳು ಮಂತ್ರಿಯ ಹತ್ತಿರ ಹೋಗಿ, ಬಳ್ಳಿಯ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದಳು. "ಸಾಕಾ ಅಣ್ಣ? ಇಲ್ಲಿಗೇ ಮುಗಿಸಿ ನೀರು ಕುಡಿಯೋಣವಾ?"

"ಹೌದು," ಅಂದ ಹೌದಪ್ಪ.

ಮೂವತ್ತು ವರ್ಷದಲ್ಲಿ ಅವನು ಮನಸಾರೆ ಹೇಳಿದ ಮೊದಲ ಹೌದು ಅದು. ಹೇಳಿದವನೇ ಎದ್ದು ನೀರಿನ ಹಂಡೆಯ ಕಡೆ ಹೋದ. ಇನ್ನು ಕೇಳಲು ಯಾರೂ ಇರಲಿಲ್ಲ. ತೀರ್ಪು ನಿಂತಿತು. ಳ ಮಣೆಯಿಂದ ಇಳಿದು, ಯಾರನ್ನೂ ನೋಡದೆ, ಸೀದಾ ತನ್ನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡಿತು.

ವ್ಯಾಪಾರಿ ಪೆಟ್ಟಿಗೆ ಮುಚ್ಚಿ ಬಂಡಿ ರ ಹತ್ತಿ ಹೋದ. ನಮ್ಮ ಆ ಎರಡು ಅಕ್ಷರಗಳು ವಾಪಸು ಬರಲಿಲ್ಲ. ಪಕ್ಕದ ರಾಜ್ಯದವರ ಹತ್ತಿರ ಅಂಥವೇ ಎರಡು ಇವೆಯಂತೆ. ಎಲ್ಲಿಂದ ಬಂತು ಎಂದು ನಾವು ಕೇಳಿಲ್ಲ, ಅವರೂ ಹೇಳಿಲ್ಲ. ನೆರೆಹೊರೆ ಅಂದಮೇಲೆ ಇರಲಿ.

ಅವತ್ತು ಸಂಜೆ ಬುರುಡೆಗಳ ಬಾಯಿ ತೆಗೆದರು. ಅರಮನೆ ಕತ್ತಲಾಯಿತು, ತೋಟಗಳು ಬೆಳಗಿದವು. ಮಳೆ ಬಂದು ಹೋಗುವಷ್ಟರಲ್ಲಿ ತರಗೆಲೆಗಳ ಕೆಳಗೆ ಯಾರೂ ಅಲ್ಲದವರು ಸಾವಿರ ಸಾವಿರ ಹುಟ್ಟಿ, ಚಿಪ್ಪುಗಳೊಳಗೆ ತಲೆ ತೂರಿಸಿ ಊಟಕ್ಕೆ ಕೂತರು. ದೊಡ್ಡ ಬಸವನಿಗೂ ಕೆಂಪು ಬಸವನಿಗೂ ಭೇದ ಮಾಡಲಿಲ್ಲ. ಕಾಳವ್ವನ ಬಳ್ಳಿ ನುಗ್ಗೆ ಮರದ ನೆತ್ತಿ ಮುಟ್ಟಿತು. ಅದರ ತುಂಡುಗಳನ್ನು ನೆಟ್ಟು ಮೂರು ಸಾಲನ್ನೂ ಮತ್ತೆ ಹಬ್ಬಿಸಿದಳು. ದೊಡ್ಡ ಬಸವಗಳು ಪೂರ್ತಿ ಹೋದವಾ ಅಂದರೆ, ಇಲ್ಲ. ಹೊರಟಿದ್ದಾವೆ. ನಡಿಗೆ ನಿಧಾನ. ಊರಿನ ಚಿಕ್ಕವು ನಾಲ್ಕೋ ಐದೋ ಬೇಲಿಯ ಕಲ್ಲಿನಡಿ ಉಳಿದಿದ್ದವು. ಅವನ್ನು ಎಣಿಸುವುದಕ್ಕೆ ಹೋಗಬೇಡಿ, ನಾಚಿಕೊಳ್ಳುತ್ತವೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಜನಿಗೆ ತಾಂಬೂಲ ಸಿಕ್ಕಿತು. ತಾಂಬೂಲ ಸಿಕ್ಕಿದಮೇಲೆ ಸಂತೋಷವಾಯಿತು. ಸಂತೋಷವಾದಮೇಲೆ ಅವನಿಗೆ ಯಾರಿಗಾದರೂ ಹೆಸರಿಡಬೇಕು.

"ಆ ಯಾರೂ ಅಲ್ಲದವರಿಗೆ ನಾಮಕರಣ ಮಾಡೋಣ!" ಅಂದ. ಬೆಳ್ಳಿಯ ತೊಟ್ಟಿಲು ಬಂತು. ತೊಟ್ಟಿಲಲ್ಲಿ ಒಂದು ವೀಳ್ಯದೆಲೆ, ಎಲೆಯ ಮೇಲೆ ಆ ಕಪ್ಪು ಮರಿ.

ಕಾಳವ್ವ ತೊಟ್ಟಿಲ ಹತ್ತಿರ ಬಂದು ನಿಂತಳು. ಹೆಸರಿಟ್ಟರೆ ಮುಗಿಯಿತು. ಬಸವನನ್ನು ತಿನ್ನುವವನು ಎಂದಿಟ್ಟರೆ ಪಾಪ ಅಂಟುತ್ತದೆ. ಬೆಳಕಿನ ಹುಳು ಎಂದಿಟ್ಟರೆ ಮತ್ತೆ ಬುರುಡೆ. ಹೆಸರಿಲ್ಲದ್ದಕ್ಕೆ ತಾನೇ ಅದು ಉಳಿದದ್ದು, ಬಳ್ಳಿ ಉಳಿದದ್ದು, ಳ ಉಳಿದದ್ದು.

"ಬುದ್ಧಿ," ಅಂದಳು. "ನಾಮಕರಣ ಅಂದಮೇಲೆ ಶಾಸ್ತ್ರ ಇರ್ಬೇಕಲ್ಲ? ಕೂಸಿನ ಕಿವೀಲಿ ಮೂರು ಸಲ ಹೆಸರು ಹೇಳದಿದ್ರೆ ಅದು ಹೆಸರಾಗ್ತದಾ?"

"ಆಗುವುದಿಲ್ಲ," ಅಂದ ರಾಜ. ಶಾಸ್ತ್ರದಲ್ಲಿ ಅವನು ಬಲು ಕಟ್ಟುನಿಟ್ಟು. ಬಗ್ಗಿದ. ಬಾಯಿಗೆ ಕೈ ಅಡ್ಡ ಹಿಡಿದ. ಅಲ್ಲಿಯೇ ನಿಂತ.

"ಕಿವಿ ಎಲ್ಲಿ?"

ಮರಿಯನ್ನು ತಿರುಗಿಸಿ ನೋಡಿದರು. ಬೋರಲು ಹಾಕಿ ನೋಡಿದರು. ಅಕ್ಕಸಾಲಿಗನ ಮಸೂರ ತಂದು ನೋಡಿದರು. ಮರಿಗೆ ಕಚಗುಳಿಯಾಯಿತು, ಅಷ್ಟೇ.

"ಇದಕ್ಕೆ ಕಿವಿ ಇದೆಯೇ?" ರಾಜ ಹೌದಪ್ಪನನ್ನು ಕೇಳಿದ.

"ಹೌದು," ಅಂದ ಹೌದಪ್ಪ.

ಇದೆ ಅಂದಮೇಲೆ ಇದೆ. ಹುಡುಕಬೇಕು ಅಷ್ಟೇ. ರಾಜ ಅವತ್ತಿನಿಂದ ಮಸೂರ ಹಿಡಿದು ಕಾಳವ್ವನ ತೋಟದಲ್ಲಿ ಕೂತಿದ್ದಾನೆ. ಬೆಳಿಗ್ಗೆ ಒಂದು ಮರಿ, ಮಧ್ಯಾಹ್ನ ಒಂದು ಮರಿ. ಬೇರೆ ಯಾರ ಹೆಸರಿನ ಗೋಜಿಗೂ ಹೋಗಲು ಅವನಿಗೆ ಪುರುಸೊತ್ತಿಲ್ಲ. ನಾಯಿಗಳು ಮಳೆಯಲ್ಲಿ ನೆಮ್ಮದಿಯಾಗಿ ನೆನೆಯುತ್ತಿವೆ. ಬಡವರಿಗೆ ಕೆರೆತ ನಿಂತಿದೆ. ಕಾಳವ್ವ ಊಟದ ಹೊತ್ತಿಗೆ ಅವನಿಗೆ ಎಲೆ, ಅಡಿಕೆ, ಸುಣ್ಣ ಕೊಡುತ್ತಾಳೆ. ಎಲೆಯಲ್ಲಿ ಒಂದೊಂದು ತೂತು ಇರುತ್ತದೆ. ರಾಜ ಅದರ ಮೂಲಕವೂ ನೋಡುತ್ತಾನೆ, ಕಿವಿ ಕಂಡರೆ ಎಂದು.

ಕತೆಗೆ ಒಂದು ನೀತಿ ಬೇಕಂತೆ. ಬರೆದುಕೊಳ್ಳಿ: ಹೆಸರಿಡುವ ಮೊದಲು ಕಿವಿ ನೋಡಿ, ಪೆಟ್ಟಿಗೆ ತೆರೆಯುವ ಮೊದಲು ತರಗೆಲೆ ಸರಿಸಿ ನೋಡಿ.

ಳ ಉಳಿಯಿತು. ಉಳಿದದ್ದಕ್ಕೆ ನಾನು ಹೇಳಿದೆ, ನೀವು ಕೇಳಿದಿರಿ. ಕೇಳಿದ ಕತೆಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ, ಮೊಟ್ಟೆ ಇಡುತ್ತದೆ. ಸೊಪ್ಪು ಸೋಸುವವರು ಯಾರಾದರೂ ಸಿಕ್ಕಿದರೆ ಪಕ್ಕದಲ್ಲಿ ಕೂತು ಹೇಳಿ. ಕೇಳಿದವರು ಆ ಮರಿಯ ಹೆಸರೇನು ಎಂದು ಕೇಳಿಯೇ ಕೇಳುತ್ತಾರೆ. ಗೊತ್ತಿದ್ದರೂ ಹೇಳಬೇಡಿ. ಕಿವಿ ಹುಡುಕುತ್ತಿದ್ದಾರೆ ಅನ್ನಿ.